ಬನ್ನಿ ಎಂದವಳು ನಾನು

ಉಷಕ್ಕ, ನನಗೆ ಗೊತ್ತಿತ್ತು. ಇಲ್ಲಿ ಏನೂ ಬದಲಾಗಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ ನಾನು ನಿಮ್ಮನ್ನು ಚೀನಾದಿಂದ ಆಕ್ಲೆಂಡಿಗೆ ವಾಪಸ್ ಕರೆಸಿಕೊಂಡೆ. ಈ ಒಂದು ಮಾತನ್ನು ಎಷ್ಟು ಸಲ ಗಂಟಲವರೆಗೆ ತಂದು ನುಂಗಿದ್ದೇನೋ — ಫೋನಿನಲ್ಲಿ ನೀವು ನಗುತ್ತಿದ್ದರೆ ಹೇಳಲು ಮನಸ್ಸಾಗುವುದಿಲ್ಲ, ನೀವು ಸುಮ್ಮನಾದರೆ ಹೆದರಿಕೆ.

ಇದನ್ನು ಬೇರೆಯವರೂ ಓದುತ್ತಾರೆ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಸಿಕ್ಕಿದ್ದು ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ. ಒಂದೇ ಕಟ್ಟು ಹರಿವೆ ಸೊಪ್ಪು ಉಳಿದಿತ್ತು, ಇಬ್ಬರೂ ಕೈ ಹಾಕಿದೆವು. "ನೀನೇ ತಗೋಮ್ಮ, ನಮ್ಮನೇಲಿ ನಾನೊಬ್ಬಳೇ" ಅಂದಿರಿ. ಪರಿಚಯವೇ ಇಲ್ಲದವಳಿಗೆ ಕನ್ನಡದಲ್ಲಿ, ಅದೂ ಏಕವಚನದಲ್ಲಿ! ನನ್ನ ಕೊರಳಿನ ಕರಿಮಣಿ ನೋಡಿ ಕನ್ನಡದವಳೇ ಅಂದುಕೊಂಡೆ ಅಂತ ಆಮೇಲೆ ಹೇಳಿದಿರಿ. ನಿಮ್ಮ ಕೊರಳು ಬರಿದಾಗಿತ್ತು. ನಿಮ್ಮ ಯಜಮಾನರು ತೀರಿಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದ ನಿಮಗೆ ಇಲ್ಲಿ ಯಾರಾದರೂ ಟೀಚರ್ ರಜ ಹಾಕಿದ ದಿನ ಮಾತ್ರ ಕೆಲಸ.

ನಾನು ಆಕ್ಲೆಂಡಿನ ದಕ್ಷಿಣದ ಅಂಚಿನ ತಕಾನಿನಿಯ ಹೊಸ ಬಡಾವಣೆಯವಳು. ಎಲ್ಲ ಮನೆಗಳೂ ಒಂದೇ ಬೂದು ಬಣ್ಣ, ಒಂದೇ ಥರದ ಬೇಲಿ. ಇವರು ಬೆಳಕು ಹರಿಯುವ ಮುಂಚೆ ಮೋಟರ್‌ವೇ ಹತ್ತಿದರೆ, ಮಗಳು ಅನನ್ಯಾ ಸ್ಕೂಲಿಂದ ಬರುವವರೆಗೆ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಅವಳೂ ಅಷ್ಟೆ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ರೂಮು ಸೇರುತ್ತಿದ್ದಳು. ಉಳಿದದ್ದು ಪದ್ಮಾ ಆಂಟಿ ಮತ್ತು ಅವರ ಸುತ್ತಿನ ಆರೇಳು ಕನ್ನಡದ ಮನೆ. ನನಗೆ ಡ್ರೈವಿಂಗ್ ಬಾರದ ಕಾಲದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು, ಬಾಣಂತನದಲ್ಲಿ ಮೆಣಸಿನ ಸಾರು ಮಾಡಿ ತಂದವರು ಆಂಟಿಯೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವರು ಕೆಟ್ಟವರಲ್ಲ — ಅಷ್ಟೇ.

ಅವರ ಮನೆಯ ಗೌರಿ ಹಬ್ಬಕ್ಕೆ ನಿಮ್ಮನ್ನು ನಾನೇ ಕರೆದುಕೊಂಡು ಹೋದೆ. ಕುಂಕುಮದ ತಟ್ಟೆ ನನ್ನ ಹತ್ತಿರ ಬಂತು. ನನ್ನಿಂದ ಮುಂದಕ್ಕೆ, ನಿಮ್ಮನ್ನು ದಾಟಿ, ನಿಮ್ಮ ಆಚೆ ಕೂತವರಿಗೆ ಹೋಯಿತು. ನೀವು ಮುಖ ಬಾಡಿಸಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಕಾಫಿ ಲೋಟ ತೊಳೆದಿರಿ. ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಿರಿ, ನಾನು ಬಾಗಿಲಿನಿಂದ ನೋಡಿದೆ. ಒಳಗೆ ಬರಲಿಲ್ಲ.

ಕೆಲವು ತಿಂಗಳಿಗೆ ನೀವು ಚೀನಾದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಲು ಹೊರಟುಹೋದಿರಿ.

ಅಲ್ಲಿಂದ ನಿಮ್ಮ ವಾಯ್ಸ್ ಮೆಸೇಜುಗಳು. ಅಕ್ಕಿ ತೊಳೆಯುತ್ತಾ ಕೇಳುತ್ತಿದ್ದೆ, ಬಟ್ಟೆ ಮಡಿಸುತ್ತಾ ಮತ್ತೊಮ್ಮೆ ಕೇಳುತ್ತಿದ್ದೆ. ಮೊದಮೊದಲು ನಿಮ್ಮ ಧ್ವನಿಯೂ ಬಾಡಿತ್ತು. ಪರದೇಶದ ಟೀಚರುಗಳಿಗೆಲ್ಲ ಒಂದೇ ಕಟ್ಟಡ, ಶುಕ್ರವಾರ ಸಂಜೆ ಅವರೆಲ್ಲ ಬಾರಿಗೆ ಹೋದರೆ ನೀವು ಕಿಟಕಿ ಹತ್ತಿರ ಒಬ್ಬರೇ. ಆಮೇಲೆ ನಿಮಗೆ ನೀವೇ ಒಂದು ನಿಯಮ ಮಾಡಿಕೊಂಡಿರಿ: ಯಾರು ಎಲ್ಲಿಗೆ ಕರೆದರೂ ಒಲ್ಲೆ ಅನ್ನಬಾರದು, ತಿನ್ನಲು ಏನೂ ಸಿಗದಿದ್ದರೂ ಹೋಗಬೇಕು. "ಎಲೆಕೋಸು, ತೋಫು, ಆಲೂಗಡ್ಡೆ. ಮೂರೇ ಕಣೇ ನನ್ನ ಸಂಸಾರ!" ಅಂತ ನಗುತ್ತಿದ್ದಿರಿ. ಬೆಳಿಗ್ಗೆ ಬ್ಯಾಡ್ಮಿಂಟನ್ ಬ್ಯಾಟ್ ಹಿಡಿದು ಕೋರ್ಟಿನ ಪಕ್ಕ ಸುಮ್ಮನೆ ನಿಂತಿರುತ್ತಿದ್ದಿರಂತೆ. ಒಂದು ದಿನ ನಿವೃತ್ತ ಕೆಮಿಸ್ಟ್ರಿ ಮೇಡಂ ಒಬ್ಬರು ಕೈ ಬೀಸಿ ಕರೆದರು. ಅವರೇ ನಿಮ್ಮ ಚೆನ್ ಆಂಟಿ. ಅವರು ನಿಮ್ಮನ್ನು ಸಂಜೆ ಗೇಟಿನ ಹೊರಗೆ ಸ್ಪೀಕರ್ ಇಟ್ಟು ಕುಣಿಯುವ ಹೆಂಗಸರ ಗುಂಪಿಗೆ ಸೇರಿಸಿದರು. ಮೊದಲು ಕೊನೆಯ ಸಾಲು, ಬರಬರುತ್ತಾ ಎರಡನೆಯ ಸಾಲು. ಹೊಸ ವರ್ಷಕ್ಕೆ ಚೆನ್ ಆಂಟಿಯ ಮನೆಯಲ್ಲಿ ಕಡುಬು ಕಟ್ಟುವಾಗ ನಿಮ್ಮ ಪಾಲಿನದಕ್ಕೆ ಬೇರೆ ಥರ ಮಡಿಕೆ — ಮಾಂಸದ್ದರ ಜೊತೆ ಕಲೆಸಿಹೋಗದಿರಲಿ ಅಂತ.

"ಗಂಡ ಎಲ್ಲಿ ಅಂತ ಮುಖಕ್ಕೇ ಕೇಳ್ತಾರೆ ಶಾಲಿನಿ. ಇಲ್ಲ ಅಂದ್ರೆ ಅಯ್ಯೋ ಅಂತಾರೆ. ಮುಂದಿನ ಪ್ರಶ್ನೆಯೇ, ಸಂಬಳ ಎಷ್ಟು?" ಅಂದು ನೀವು ನಕ್ಕ ನಗು… ನಾನು ಆ ನಗುವನ್ನು ಇಲ್ಲಿ ಕೇಳಿಯೇ ಇರಲಿಲ್ಲ.

ನಿಮ್ಮ ವಿದ್ಯಾರ್ಥಿನಿಯ ಮದುವೆಯಲ್ಲಿ, ಅಭ್ಯಾಸಬಲದಿಂದ, ಹಿಂದೆ ಗೋಡೆಗೆ ಒರಗಿ ನಿಂತಿದ್ದಿರಂತೆ. ಹುಡುಗಿಯ ತಾಯಿ ಕೈ ಹಿಡಿದು ಎಳೆದು ಮಗಳ ಪಕ್ಕ ನಿಲ್ಲಿಸಿದರಂತೆ. ಆ ಫೋಟೋ ಕಳಿಸಿದಿರಿ. ಕೆಂಪು ಸೀರೆ ಉಟ್ಟಿದ್ದಿರಿ. ನಾನು ದೊಡ್ಡದು ಮಾಡಿ ನೋಡಿದೆ, ಚೆಂದ ಕಾಣ್ತೀರಾ ಅಂತ ಕಳಿಸಿದೆ. ಆದರೆ ಅವತ್ತೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಅಡುಗೆ ಕಟ್ಟೆಯನ್ನೇ ಒರೆಸಿದೆ. ಭಾಷೆ ಬಾರದ ಊರಲ್ಲಿ, ಒಬ್ಬಂಟಿ ಹೆಂಗಸು, ಇಷ್ಟು ಜನರನ್ನು ಸಂಪಾದಿಸಿಕೊಂಡಿದ್ದಾಳೆ. ಗಂಡ, ಮಗಳು, ಸ್ವಂತ ಮನೆ ಇರುವ ನನಗೆ ಟೀ ಕುಡಿಯಲು ಒಬ್ಬರಿಲ್ಲ. ಹೊಟ್ಟೆಕಿಚ್ಚು ಅಂತ ಕರೆಯಬೇಕೋ, ನಿಮ್ಮ ಮೇಲಿನ ಆಸೆ ಅನ್ನಬೇಕೋ… ಎರಡೂ ಇತ್ತು. ಬಿಡಿಸಿ ಹೇಳಲು ಇವತ್ತಿಗೂ ಬರುವುದಿಲ್ಲ.

ಎರಡು ವರ್ಷ ಮುಗಿಯುತ್ತಾ ಬಂದಾಗ ಆ ಮೆಸೇಜು ಬಂತು. ಪ್ರತಿ ಮಾತೂ ನೆನಪಿದೆ.

"ಶಾಲಿನಿ, ಇನ್ನೂ ಎರಡು ವರ್ಷ ಇರು ಅಂತಿದಾರೆ. ಶುಕ್ರವಾರದೊಳಗೆ ಹೇಳ್ಬೇಕು. ನೀನು ಸುತ್ತಿಬಳಸಿ ಮಾತಾಡ್ಬೇಡ, ನೇರವಾಗಿ ಹೇಳು. ನಾನು ಬಂದ್ರೆ ಅಲ್ಲಿ ನನ್ನ ಕರೀತಾರೇನೇ? ಹಬ್ಬಕ್ಕೆ, ಮನೆಗೆ? ಮುಂಚಿನ ಥರಾನೇ ಆದ್ರೆ ಬೇಡ, ನಾನು ಇಲ್ಲೇ ಇದ್ದುಬಿಡ್ತೀನಿ."

ಕೇಳಿದ ಕೂಡಲೇ ನಾನು ಏನು ಮಾಡಿದೆ ಗೊತ್ತೇ? ಪದ್ಮಾ ಆಂಟಿಯ ಮನೆಗೆ ಹೋದೆ. ಇದೇ ನಿಮಗೆ ಗೊತ್ತಿಲ್ಲದ್ದು. ಅವರು ಅವರೇಕಾಳು ಹಿತುಕುತ್ತಾ ಕೂತಿದ್ದರು. ನಾನೂ ಕೈ ಹಚ್ಚಿ, ಉಷಕ್ಕ ವಾಪಸ್ ಬರಬಹುದು ಆಂಟಿ, ಅಂದೆ.

"ಬರಲಿ ಪಾಪ, ಯಾರು ಬೇಡ ಅಂದ್ರು?" ಅಂದರು. "ದೇವಸ್ಥಾನದಲ್ಲಿ ಸಿಗಲಿ, ಪಿಕ್ನಿಕ್‌ಗೆ ಬರಲಿ. ಮನೇಲಿ ಅರಿಶಿನ ಕುಂಕುಮಕ್ಕೆ ಮಾತ್ರ… ಗೊತ್ತಲ್ಲ ನಿಂಗೆ. ನಾನು ಹೇಳಿ ನಿಷ್ಠುರ ಆಗ್ಬೇಕಾ?"

ಹೂಂ ಆಂಟಿ, ಅಂದೆ. ಕಾಳು ಹಿತುಕುವುದನ್ನೂ ನಿಲ್ಲಿಸಲಿಲ್ಲ.

ಮನೆಗೆ ಬಂದು ಫೋನು ಹಿಡಿದೆ. ಮೊದಲು ನಿಜವನ್ನೇ ಹೇಳಿದೆ, ಅರ್ಧಕ್ಕೆ ಬಂದು ಅಳಿಸಿದೆ. ಆಮೇಲೆ ಹೇಳಿದ್ದು ನಿಮಗೆ ತಲುಪಿತು: "ಉಷಕ್ಕ, ಈಗ ಯಾರೂ ಅದೆಲ್ಲ ನೋಡಲ್ಲ. ಎಲ್ಲರೂ ನಿಮ್ಮನ್ನೇ ಕೇಳ್ತಾರೆ. ಬನ್ನಿ." ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಮೆತ್ತನೆಯ ಧ್ವನಿಯಲ್ಲಿ ಹೇಳಿದೆ. ಆ ಧ್ವನಿಯಲ್ಲಿ ಹೇಳಿದ್ದನ್ನು ಯಾರೂ ಸುಳ್ಳು ಅಂದುಕೊಳ್ಳುವುದಿಲ್ಲ.

ನೀವು ಬಂದಿರಿ. ಒಂದು ತಿಂಗಳು ನನ್ನ ಮನೆಯಲ್ಲಿ ಮಧ್ಯಾಹ್ನಗಳಿದ್ದವು — ಟೀ, ಮಾತು, ಅನನ್ಯಾಳಿಗೆ ನೀವು ಗ್ಯಾರೇಜಿನಲ್ಲಿ ಕಲಿಸಿದ ಚೀನಾದ ಆ ಬಯಲ ಕುಣಿತ.

ಆಮೇಲೆ ವರಮಹಾಲಕ್ಷ್ಮಿ ಹಬ್ಬ. ಆ ವರ್ಷ ನಮ್ಮ ಮನೆಯಲ್ಲಿ. ಪದ್ಮಾ ಆಂಟಿ ಫೋನು ಮಾಡಿ, "ಸೊಸೆಗೆ ಈಗ ಐದನೇ ತಿಂಗಳು. ನಿನ್ನ ಫ್ರೆಂಡೂ ಬರ್ತಾಳಾ ಅಂತ ಕೇಳ್ಕೊಂಡು ಆಮೇಲೆ ಹೊರಡೋಣ ಅಂತ…" ಎಂದರು. ಇಲ್ಲ ಆಂಟಿ, ಅಂದೆ. ನಿಮಗೆ ಏನು ಹೇಳಲಿ? ಹಬ್ಬ ಯಾವಾಗ ಅಂತ ನೀವು ಆಗಲೇ ಎರಡು ಸಲ ಕೇಳಿದ್ದಿರಿ. ಇವರ ದೊಡ್ಡಪ್ಪನ ಮಗ ಹಾಸನದಲ್ಲಿ ತೀರಿಕೊಂಡರು, ಸೂತಕ, ಈ ವರ್ಷ ಹಬ್ಬ ಇಲ್ಲ ಎಂದುಬಿಟ್ಟೆ. ಬದುಕಿರುವ ಮನುಷ್ಯನನ್ನು ಬಾಯಲ್ಲೇ ಸಾಯಿಸಿದೆ. ಸೂತಕ ಅಂದರೆ ಯಾರೂ ಎದುರು ಕೇಳುವುದಿಲ್ಲ, ಮನೆ ಕಡೆ ಬರುವುದೂ ಇಲ್ಲ ಅಂತ ಲೆಕ್ಕ ಹಾಕಿದ್ದೆ.

ನೀವು ಬಂದಿರಿ. ಸಾವಿನ ಮನೆಯಲ್ಲಿ ಒಲೆ ಹಚ್ಚಿರುತ್ತಾರೋ ಇಲ್ಲವೋ ಎಂದು ಅನ್ನ, ತಿಳಿಸಾರು ಮಾಡಿಕೊಂಡು ಎರಡು ಬಸ್ಸು ಬದಲಿಸಿ ಬಂದಿರಿ. ಬಾಗಿಲು ತೆಗೆದವಳು ಅನನ್ಯಾ. ರೇಷ್ಮೆ ಲಂಗ, ತಲೆ ತುಂಬ ಹೂವು. "ಉಷಾ ಆಂಟೀ! ಕಮ್ ಇನ್, ಎವ್ರಿವನ್ಸ್ ಹಿಯರ್!" ಒಳಗಿನ ಹಾಡು ನಿಂತಿತು. ನಾನು ಕೈಯಲ್ಲಿ ಕುಂಕುಮದ ತಟ್ಟೆ ಹಿಡಿದೇ ಬಾಗಿಲಿಗೆ ಬಂದೆ. ಹೊಸ್ತಿಲ ಹೊರಗಿನ ಚಪ್ಪಲಿಗಳ ಸಾಲನ್ನು ನೀವು ಒಂದು ಸಲ ನೋಡಿದಿರಿ. ಟಿಫಿನ್ ಕ್ಯಾರಿಯರ್ ಅನನ್ಯಾಳ ಕೈಗೆ ಕೊಟ್ಟು, "ಬಿಸಿ ಇದೆ ಪುಟ್ಟಿ, ಹುಷಾರು" ಅಂದು ತಿರುಗಿದಿರಿ. ನಾನು ಕರೆಯಲಿಲ್ಲ. ಆ ತಟ್ಟೆಯನ್ನು ಹಿಡಿದು ಎರಡು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ನೀವು ಬೈದಿದ್ದರೆ ನಾನು ಬಚಾವಾಗುತ್ತಿದ್ದೆನೋ ಏನೋ. ವಾರ ಕಳೆದು ನೀವೇ ಫೋನು ಮಾಡಿದಿರಿ. "ಬಿಡೇ, ನಿನ್ನ ಕಷ್ಟ ನಂಗರ್ಥ ಆಗುತ್ತೆ. ಇವರೆಲ್ಲ ಬದಲಾಗಿದ್ದಾರೆ ಅಂತ ನೀನೂ ನಂಬಿದ್ದೆ ಪಾಪ, ನಿನಗೂ ಗೊತ್ತಿರಲಿಲ್ಲ." ಆಗ ಹೇಳಬೇಕಿತ್ತು. ನಾನು "ಹೂಂ ಅಕ್ಕ" ಅಂದು ಅತ್ತೆ, ನೀವು ನನ್ನನ್ನು ಸಮಾಧಾನ ಮಾಡಿದಿರಿ. ಮೊದಲ ಸುಳ್ಳಿಗಿಂತ, ಸೂತಕದ ಸುಳ್ಳಿಗಿಂತ, ಆ "ಹೂಂ" ನನಗೆ ಹೆಚ್ಚು ಹೇಸಿಗೆ.

ನೀವು ಮತ್ತೆ ಚೀನಾಕ್ಕೆ ಹೋಗಲು ಪ್ರಯತ್ನಿಸಿದಿರಿ. ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ದರು. ಇನ್ನುಳಿದ ಕಡೆ ವಯಸ್ಸು ಮೀರಿತು ಅಂದರು. ಈಗ ದಕ್ಷಿಣ ದ್ವೀಪದ ನೆಲ್ಸನ್‌ನಲ್ಲಿ, ಸೇಬಿನ ತೋಟಗಳಿಗೆ ಬರುವ ಕೂಲಿಯವರಿಗೆ ಇಂಗ್ಲಿಷ್ ಕಲಿಸುತ್ತೀರಿ. ಸಂಜೆ ಏನು ಮಾಡುತ್ತೀರಿ ಅಂದರೆ ಮಾತು ಬದಲಿಸುತ್ತೀರಿ.

ನಾನು ಪದ್ಮಾ ಆಂಟಿಯ ಮನೆಗೆ ಹೋಗುವುದನ್ನು ಬಿಟ್ಟು ಬಹಳ ದಿನವಾಯಿತು. ಅದರಿಂದ ನಿಮಗೇನೂ ಸಿಗಲಿಲ್ಲ ಅಂತ ಗೊತ್ತು. ಅನನ್ಯಾ ಒಂದು ದಿನ ಕೇಳಿದಳು, ಅವತ್ತು ತಾನು ನಿಮ್ಮನ್ನು ಒಳಗೆ ಕರೆದದ್ದು ತಪ್ಪಾ ಅಂತ. ಇಲ್ಲ ಅಂದೆ. ಮಿಕ್ಕಿದ್ದನ್ನು ಅವಳಿಗೂ ಹೇಳಿರಲಿಲ್ಲ. ನಿನ್ನೆ ಹೇಳಿದೆ. "ಶಿ ಸ್ಟಿಲ್ ಡಸಂಟ್ ನೋ?" ಎಂದಳು. ಅಷ್ಟೇ. ಎದ್ದು ಹೋದಳು.

ಹೋದ ತಿಂಗಳು ಫೋನಿನಲ್ಲಿ ನೀವು ಅಂದಿರಿ: "ಏನೇ ಆಗಲಿ ಶಾಲಿನಿ, ಇಷ್ಟು ದೊಡ್ಡ ದೇಶದಲ್ಲಿ ಒಬ್ಬಳಾದರೂ ಮನಸ್ಸಾರೆ ನನ್ನ ಬಾ ಅಂದಳು. ಆ ಒಂದು ಸಮಾಧಾನ ನಂಗೆ ಸಾಕು ಕಣೇ."

ಆ ಒಂದನ್ನೂ ಈಗ ನಿಮ್ಮಿಂದ ಕಿತ್ತುಕೊಂಡೆ, ಉಷಕ್ಕ. ಕ್ಷಮಿಸಿ ಅಂದರೆ ನೀವು ಕ್ಷಮಿಸಿಬಿಡುತ್ತೀರಿ. ಅದಕ್ಕೇ ಕೇಳುತ್ತಿಲ್ಲ.