ಅಕ್ಕನ ಪರೀಕ್ಷೆಗೆ ಹೊರಟ ನಮ್ಮ ಓಣಿಯ ಮಕ್ಕಳು

ಮೊಮ್ಮಕ್ಕಳೇ, ನಾನು ಚಿಕ್ಕವಳಿದ್ದಾಗಿನ ಒಂದು ದಿನದ ಬಗ್ಗೆ ನಿಮಗಾಗಿ ಬರೆಯುತ್ತಿದ್ದೇನೆ. ಶುರು ಮಾಡುವ ಮೊದಲೇ ಒಂದು ಮಾತು ಹೇಳಿಬಿಡಬೇಕು: ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆಗ ನಾನು ಮೂರನೆಯ ಇಯತ್ತೆಯಲ್ಲಿದ್ದೆನೋ ನಾಲ್ಕನೆಯದರಲ್ಲೋ, ಖಾತ್ರಿಯಿಲ್ಲ. ಅಂದು ಅಕ್ಕ ಹಸಿರು ಅಂಚಿನ ಬಿಳಿ ಸೀರೆ ಉಟ್ಟಿದ್ದಳು ಎಂದು ನನ್ನ ನೆನಪು. ತನ್ನ ಹತ್ತಿರ ಬಿಳಿ ಸೀರೆಯೇ ಇರಲಿಲ್ಲ ಎಂದು ಅಕ್ಕನ ವಾದ. ಸೀರೆಯ ವಿಷಯದಲ್ಲಿ ನೀವು ಅವಳನ್ನೇ ನಂಬಿ. ಉಳಿದದ್ದನ್ನು ನನಗೆ ನೆನಪಿರುವಂತೆ ಹೇಳುತ್ತೇನೆ.

ನಮ್ಮ ಮನೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿತ್ತು. ಮನೆಯ ಹಿಂದೆಯೇ ಅಪ್ಪನ ಮಗ್ಗದ ಶೆಡ್ಡು. ಹಗಲೂ ರಾತ್ರಿ ಖಟಕ್ ಖಟಕ್ ಸದ್ದು. ನಮಗೆ ಆ ಸದ್ದಿನಲ್ಲೇ ನಿದ್ದೆ ಬರುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು. ಗಾಳಿಯಲ್ಲಿ ಸದಾ ಅರಳೆಯ ಸಣ್ಣ ಸಣ್ಣ ಎಳೆಗಳು ತೇಲಾಡುತ್ತಿದ್ದವು, ಸಂಜೆ ಅವ್ವ ನನ್ನ ಜಡೆ ಬಿಚ್ಚಿ ಅವನ್ನು ಬಾಚಿ ತೆಗೆಯುತ್ತಿದ್ದಳು. ಓಣಿಯ ಹೆಚ್ಚಿನ ಮನೆಗಳು ನಮ್ಮಂತೆಯೇ ಕನ್ನಡದವರವು, ಎಲ್ಲರೂ ನೇಕಾರರು. ಮಕ್ಕಳೆಲ್ಲ ಹೋಗುತ್ತಿದ್ದದ್ದು ಮಾತ್ರ ಮುನಸಿಪಾಲಿಟಿಯ ಮರಾಠಿ ಶಾಲೆಗೆ. ಇದರಲ್ಲಿ ವಿಶೇಷವೇನಾದರೂ ಇದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಅಕ್ಕ ನನಗಿಂತ ಬಹಳ ದೊಡ್ಡವಳು. ಅವಳು ಕೊಲ್ಹಾಪುರದಲ್ಲಿ ವಸತಿಗೃಹದಲ್ಲಿದ್ದುಕೊಂಡು ಶಿಕ್ಷಕಿಯರ ತರಬೇತಿ ಪಡೆಯುತ್ತಿದ್ದಳು. ತರಬೇತಿಯ ಕೊನೆಗೆ ಪರೀಕ್ಷಕರ ಮುಂದೆ ನಿಜವಾದ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಮರಾಠಿಯಲ್ಲಿ ಅವಳು ಆ ಪಾಠವನ್ನು ಆಗಲೇ ಮುಗಿಸಿದ್ದಳು. ಆದರೆ ಗಡಿಯ ಕಡೆಯ ಕನ್ನಡ ಶಾಲೆಗಳಿಗೆ ಹೋಗುವವರು ಕನ್ನಡದಲ್ಲೂ ಒಂದು ಪಾಠ ಕೊಡಬೇಕಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಗಡಹಿಂಗ್ಲಜದ ಕನ್ನಡ ಶಾಲೆ. ಅಲ್ಲೊಂದು ಜಾಗ ಖಾಲಿಯಾಗಿತ್ತು. ಅದೇ ಊರಿನಲ್ಲಿ ನಮ್ಮ ಅಜ್ಜಿಯ ಮನೆಯೂ ಇತ್ತು.

ಅಪ್ಪನ ಶರತ್ತು ಮನೆಯವರಿಗೆಲ್ಲ ಗೊತ್ತಿತ್ತು. "ಗಡಹಿಂಗ್ಲಜ ಆದ್ರ ಅಜ್ಜಿ ಅದಾಳ, ಕಳಸ್ತೀನಿ. ಬ್ಯಾರೆ ಊರಾಗ ಹೆಣ್ಣ ಹುಡಗಿ ಒಬ್ಬಾಕಿನ್ನ ಬಿಡೂದಿಲ್ಲ" ಎಂದಿದ್ದರು. ಈ ಪಾಠ ಆಗದಿದ್ದರೆ ನೌಕರಿಯ ಮಾತು ಮುಗಿದಂತೆಯೇ. ನಿಪ್ಪಾಣಿಯ ಕಡೆಯಿಂದ ಬಂದಿದ್ದ ಒಂದು ಸಂಬಂಧಕ್ಕೆ ಅಪ್ಪ ಇನ್ನೂ ಹೌದು ಅಲ್ಲ ಅಂದಿರಲಿಲ್ಲ.

ಪಾಠಕ್ಕೆ ಮಕ್ಕಳನ್ನು ಹುಡುಕಿ ತರುವುದು ಪಾಠ ಕೊಡುವವರದೇ ಕೆಲಸ. ಕೊಲ್ಹಾಪುರದಲ್ಲಿ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಅಲ್ಲಿ ಒಂದು ವರ್ಗದಷ್ಟು ಮಕ್ಕಳನ್ನು ಎಲ್ಲಿಂದ ತರುವುದು? ಅದಕ್ಕೇ ಅಕ್ಕ ಊರಿಗೆ ಬಂದು ನಮ್ಮ ಓಣಿಯ ಮಕ್ಕಳನ್ನು ಗೊತ್ತುಮಾಡಿದಳು. ಪಾಠ ಯಾವುದೆಂದು ನಮಗೆ ಹೇಳುವಂತಿರಲಿಲ್ಲ. ಒಂದೇ ಒಂದು ಎಚ್ಚರಿಕೆ ಕೊಟ್ಟಳು:

"ಅಲ್ಲಿ ಕನ್ನಡದಾಗ ಮಾತಾಡ್ರಿ, ನೋಡ್ರಿ. ಮರೀಬ್ಯಾಡ್ರಿ."

ಎದುರು ಮನೆಯ ಹುಡುಗ ಕಿಸಕ್ಕೆಂದು ನಕ್ಕ. "ಅಕ್ಕಾರ, ನಮಗ ಇದನ್ನೂ ಹೇಳಿ ಕೊಡ್ತೀರೇನ್ರಿ? ನಾವೇನ ಇಂಗ್ರೇಜಿ ಮಾತಾಡ್ತೀವೇನು?"

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆಯ ಕೆಂಪು ಎಸ್.ಟಿ. ಬಸ್ಸಿನಲ್ಲಿ ನಾವೆಲ್ಲ ಕೊಲ್ಹಾಪುರಕ್ಕೆ ಹೊರಟೆವು. ಮಕ್ಕಳನ್ನು ಕಾಯಲು ಅಪ್ಪನೂ ಬಂದರು. ಅವರ ಹೊಸ ಚಪ್ಪಲಿ ಹೆಜ್ಜೆಗೊಮ್ಮೆ ಕರ್ರ್ ಕರ್ರ್ ಎನ್ನುತ್ತಿತ್ತು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಚುರಮುರಿಯ ದೊಡ್ಡ ಚೀಲ. ದಾರಿಯುದ್ದಕ್ಕೂ ಕಬ್ಬಿನ ಹೊಲ. ನಡುವೆ ಎಲ್ಲೋ ಬೆಲ್ಲ ಕುದಿಯುವ ವಾಸನೆ ಕಿಟಕಿಯಿಂದ ಬಂದು ಬಸ್ಸೆಲ್ಲ ತುಂಬಿತು. ಎಲ್ಲರೂ ಒಟ್ಟಿಗೆ ಮೂಗು ಎತ್ತಿದೆವು. ಬಸ್ಸಿನಲ್ಲಿ ನಾವು ಮಾಡಿದ ಗದ್ದಲವೆಲ್ಲ ಕನ್ನಡದಲ್ಲೇ ಇತ್ತು, ಅದಂತೂ ಖಂಡಿತ. ಏಕೆಂದರೆ ಕಂಡಕ್ಟರು ಮರಾಠಿಯಲ್ಲಿ ನಮ್ಮನ್ನು ಗದರಿಸಿದರೆ ಹುಡುಗರು ಅವನಿಗೆ ಕೇಳುವಂತೆಯೇ ಕನ್ನಡದಲ್ಲಿ ಅವನ ಮೀಸೆಯ ಬಗ್ಗೆ ಮಾತಾಡಿಕೊಂಡು ನಗುತ್ತಿದ್ದರು.

ತರಬೇತಿ ಶಾಲೆಯ ಕಟ್ಟಡ ಕಲ್ಲಿನದು, ಒಳಗೆ ತಂಪು. ನಮ್ಮನ್ನು ಒಂದು ಕೋಣೆಯಲ್ಲಿ ಸಾಲಾಗಿ ಗೋಣಿಯ ತಟ್ಟಿನ ಮೇಲೆ ಕೂರಿಸಿದರು. ಮುಂದೆ ಕರಿಹಲಗೆ, ಹೊಸ ಸುಣ್ಣದ ಕಡ್ಡಿಯ ವಾಸನೆ. ಗೋಡೆಗೆ ಅಕ್ಕ ತಾನೇ ಬರೆದ ಚಿತ್ರಪಟವನ್ನು ತೂಗುಹಾಕಿದ್ದಳು: ಹತ್ತಿಯ ಗಿಡ, ನೂಲಿನ ಲಡಿ, ಒಂದು ಅಂಗಿ. ಮೇಜಿನ ಮೇಲೆ ಅವಳ ಟಾಚಣ, ಅಂದರೆ ಪಾಠವನ್ನು ಹೇಗೆ ಶುರುಮಾಡಿ ಹೇಗೆ ಮುಗಿಸಬೇಕೆಂದು ಮೊದಲೇ ಬರೆದಿಟ್ಟ ಟಿಪ್ಪಣಿ. ಅದರ ಇನ್ನೊಂದು ಪ್ರತಿ ಪರೀಕ್ಷಕರ ಕೈಯಲ್ಲಿತ್ತು. ಅವರು ಧಾರವಾಡದ ಕಡೆಯವರು, ಕನ್ನಡಕ, ಕರಿ ಕೋಟು. ಅವರು ಒಳಗೆ ಕಾಲಿಟ್ಟ ಕೂಡಲೇ ನಾವೆಲ್ಲ ಯಾರೂ ಹೇಳದೆ ಕೈಕಟ್ಟಿ ತುಟಿಯ ಮೇಲೆ ಬೆರಳಿಟ್ಟುಕೊಂಡೆವು. ನಮ್ಮ ಶಾಲೆಯಲ್ಲಿ ಸಾಹೇಬರು ಬಂದರೆ ಹಾಗೆ ಮಾಡಬೇಕಿತ್ತು.

ಅಕ್ಕ ಗಂಟಲು ಸರಿಮಾಡಿಕೊಂಡಳು. ನಾನೆಂದೂ ಕೇಳದ ಧ್ವನಿಯಲ್ಲಿ, ಪುಸ್ತಕದ ಕನ್ನಡದಲ್ಲಿ ಕೇಳಿದಳು: "ಮಕ್ಕಳೇ, ನಾವು ಧರಿಸುವ ಬಟ್ಟೆಯು ಯಾವುದರಿಂದ ತಯಾರಾಗುತ್ತದೆ?"

ನಾವು ಒಂದೇ ದನಿಯಲ್ಲಿ ಕೂಗಿದೆವು: "ಕಾಪಸಾಪಾಸೂನ, ಬಾಯೀ!"

ಹತ್ತಿಯಿಂದ ಎಂದೇ ಹೇಳಿದ್ದೆವು. ಉತ್ತರ ಸರಿಯಿತ್ತು. ಆದರೆ ಹೇಳಿದ್ದು ಮರಾಠಿಯಲ್ಲಿ. ಅಕ್ಕನನ್ನೂ ನಮ್ಮ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ 'ಬಾಯಿ' ಎಂದು ಕರೆದಿದ್ದೆವು.

ಅಕ್ಕ ಹಿಂದೆ ಕುಳಿತ ಪರೀಕ್ಷಕರ ಕಡೆ ನೋಡಲಿಲ್ಲ. "ಕನ್ನಡದಲ್ಲಿ ಹೇಳಿರಿ" ಎಂದಳು. ಯಾರೂ ಬಾಯಿ ಬಿಡಲಿಲ್ಲ. ಹತ್ತಿ ಎಂಬ ಶಬ್ದ ನಮಗೆ ಗೊತ್ತಿರಲಿಲ್ಲವೆ? ದಿನಾ ಹತ್ತಿ, ಅರಳೆ, ನೂಲು ಎನ್ನುತ್ತಲೇ ಬೆಳೆದವರು ನಾವು. ಆದರೆ ಕರಿಹಲಗೆಯ ಮುಂದೆ ತಟ್ಟಿನ ಮೇಲೆ ಕುಳಿತು ಕನ್ನಡದಲ್ಲಿ ಉತ್ತರ ಹೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕುಳಿತ ಜಾಗವೇ ನಾಲಗೆಯನ್ನು ಹಿಡಿದುಕೊಂಡಿತ್ತು. ಇದನ್ನು ಆಗಲೇ ಹೀಗೆ ಯೋಚಿಸಿದೆನೋ, ಮುಂದೆ ವಿಶ್ವವಿದ್ಯಾಲಯದಲ್ಲಿ ಓದಿದ್ದನ್ನು ಈಗ ಆ ಪುಟ್ಟ ಹುಡುಗಿಯ ತಲೆಯೊಳಗೆ ಇಡುತ್ತಿದ್ದೇನೋ ಹೇಳಲಾರೆ. ಆದರೆ ಆ ಮೌನ ನಿಜ. ಅದು ಈಗಲೂ ನನಗೆ ಕೇಳುತ್ತದೆ.

ಅಕ್ಕ ಇನ್ನೊಮ್ಮೆ ಕೇಳಿದಳು. ಯಾರೋ ಒಬ್ಬಳು ಮೆಲ್ಲಗೆ ಮತ್ತೆ ಮರಾಠಿಯಲ್ಲೇ ಏನೋ ಅಂದಳು. ಪರೀಕ್ಷಕರ ಪೆನ್ನು ಕಾಗದದ ಮೇಲೆ ಓಡಿತು. ಕಿಟಕಿಯ ಹೊರಗೆ ವರಾಂಡದಲ್ಲಿ ಅಪ್ಪ ನಿಂತಿದ್ದರು. ಅವರ ಟೊಪ್ಪಿಗೆ ಮಾತ್ರ ನನಗೆ ಕಾಣುತ್ತಿತ್ತು.

ಆಗ ಅಕ್ಕ ಟಾಚಣವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬಂದು ನಮ್ಮ ಮುಂದೆ ನೆಲದ ಮೇಲೆ, ಕಾಲು ಮಡಚಿ ಕುಳಿತುಬಿಟ್ಟಳು. ಶಿಕ್ಷಕಿ ನೆಲದ ಮೇಲೆ ಕೂರುವುದನ್ನು ನಾವು ಎಂದೂ ನೋಡಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹುಡುಗಿಯ ಲಂಗದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದಳು:

"ಏ ತಂಗೀ, ಭಾಳ ಚಲೋ ಐತಲ್ಲ. ಇದನ್ನ ಯಾರ ನೇಯ್ದಾರ?"

"ನಮ್ಮಪ್ಪಾರಿ!"

"ಸುಳ್ಳರೀ ಅಕ್ಕಾರ!" ಎದುರು ಮನೆಯ ಹುಡುಗ ಎದ್ದೇ ನಿಂತ. "ಅವರಪ್ಪ ಬರೇ ಧೋತರಾ ನೇಯ್ತಾನ್ರಿ. ಇದು ಪ್ಯಾಟ್ಯಾಗ ತಂದದ್ದು. ನಾ ನೋಡೇನಿ."

"ನೀ ಏನ ನೋಡೀದಿ? ನಮ್ಮವ್ವ ಕಂಡಿಕಿ ಸುತ್ತ್ಯಾಳ ಇದಕ್ಕ!"

"ಕಂಡಿಕಿ ಅಂದ್ರೇನು?" ಎಂದು ಅಕ್ಕ ಏನೂ ಅರಿಯದವಳಂತೆ ಕೇಳಿದಳು.

ಅಷ್ಟು ಸಾಕಾಯಿತು. ಅಕ್ಕನಿಗೆ ಕಂಡಿಕಿ ಗೊತ್ತಿಲ್ಲವೆ? ಎಲ್ಲರೂ ಒಮ್ಮೆಲೇ ಕಲಿಸತೊಡಗಿದೆವು. ನೂಲನ್ನು ಕೊಳವೆಗೆ ಹೇಗೆ ಸುತ್ತುತ್ತಾರೆ, ಅದನ್ನು ಲಾಳಿಯಲ್ಲಿಟ್ಟರೆ ಅದು ಹೇಗೆ ಆ ಕಡೆ ಈ ಕಡೆ ಓಡುತ್ತದೆ, ಉದ್ದನೆಯ ಎಳೆಯ ಹಾಸು ಯಾವುದು, ಅಡ್ಡ ಎಳೆಯ ಹೊಕ್ಕು ಯಾವುದು. ಒಬ್ಬಳು ಎರಡೂ ಕೈಯಲ್ಲಿ ಲಾಳಿ ಓಡಿಸಿ ತೋರಿಸಿದಳು. ಹುಡುಗರು ಬಾಯಿಂದಲೇ ಮಗ್ಗ ಹಾಕಿದರು: ಖಟಕ್ ಖಟಕ್.

"ಎಳಿ ಹರಿದ್ರ ಏನ ಮಾಡ್ತಾರ?"

"ಮಗ್ಗಾ ನಿಂದರಸ್ತಾರ್ರಿ. ಆಮ್ಯಾಲೆ ನಮ್ಮಪ್ಪ ಬೈತಾನ್ರಿ" ಎಂದ ಎದುರು ಮನೆಯ ಹುಡುಗ.

"ಯಾರಿಗೆ?"

"ನೂಲಿಗೆ. ಏನಂತ ಬೈತಾನ ಹೇಳಲೇನ್ರಿ?"

"ಬ್ಯಾಡೋ ಮಾರಾಯಾ, ಬ್ಯಾಡ!"

ಕೋಣೆಯೆಲ್ಲ ನಗೆ. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ತಿರುಗಿ ನೋಡಿದರೆ ಪರೀಕ್ಷಕರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರು ಎಂದೇ ನಾನು ಇಷ್ಟು ವರ್ಷ ನಂಬಿದ್ದೇನೆ.

ಅಕ್ಕ ಎದ್ದು ಹಲಗೆಯ ಮೇಲೆ 'ಹತ್ತಿ' ಎಂದು ಬರೆದಳು, ಅದರ ಕೆಳಗೆ 'ನೂಲು'. ಮೂರನೆಯ ಶಬ್ದಕ್ಕೆ ಕೈ ಎತ್ತಿದಾಗ ಗಂಟೆ ಹೊಡೆಯಿತು.

ಪರೀಕ್ಷಕರು ವರಾಂಡಕ್ಕೆ ಬಂದು ಅಕ್ಕನನ್ನು ಕರೆದರು. ನಾವು ಬಾಗಿಲಲ್ಲೇ ಗುಂಪುಗಟ್ಟಿದ್ದೆವು. ಅವರು ಸಿಟ್ಟಾಗಿರಲಿಲ್ಲ, ಮೆತ್ತಗೆ ಮಾತಾಡಿದರು. "ಮಕ್ಕಳನ್ನು ಮಾತಾಡಿಸಿದಿರಿ, ಅದು ಸಣ್ಣ ಕೆಲಸವಲ್ಲ. ಆದರೆ ನೀವು ಬರೆದು ಕೊಟ್ಟ ಪಾಠ ಅರ್ಧವೂ ಆಗಲಿಲ್ಲವಲ್ಲ ತಾಯೀ. ನಾನು ಅಂಕ ಕೊಡಬೇಕಾದದ್ದು ಆ ಪಾಠಕ್ಕೆ. ಮುಂದಿನ ವರ್ಷ ಇನ್ನೊಮ್ಮೆ ಕೊಡಿರಿ." ಅಕ್ಕ "ಹೌದ್ರಿ" ಎಂದಷ್ಟೇ ಹೇಳಿ ಚಿತ್ರಪಟ ಸುತ್ತಿಡಲು ಒಳಗೆ ಹೋದಳು. ಗಡಹಿಂಗ್ಲಜದ ಜಾಗ ಮುಂದಿನ ವರ್ಷದವರೆಗೆ ಖಾಲಿ ಇರುವುದಿಲ್ಲ ಎನ್ನುವುದು ನನಗೂ ತಿಳಿದಿತ್ತು.

ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನೆಲ್ಲ ನೆರಳಿಗೆ ಕೂರಿಸಿ ಅಪ್ಪ ಚುರಮುರಿ ಹಂಚಿದರು. ಈರುಳ್ಳಿ, ಹಸಿಮೆಣಸು, ಶೇಂಗಾ ಹಾಕಿ ಅವ್ವ ಕಲಸಿದ್ದು ಆಗಲೇ ಮೆತ್ತಗಾಗಿತ್ತು. ನಾವು ಬಿಡದೆ ತಿಂದೆವು. ನಮ್ಮನ್ನು ಬಸ್ಸು ಹತ್ತಿಸಲು ಬಂದಿದ್ದ ಅಕ್ಕ ತಿನ್ನಲಿಲ್ಲ. ಅಪ್ಪನ ಮುಖ ನೋಡದೆ ಹೇಳಿದಳು:

"ಅಪ್ಪಾ, ಮರಾಠಿ ಪಾಠದಾಗ ನಾ ಪಾಸ್ ಆಗೇನಿ. ಮುರಗೂಡದಾಗ ಮರಾಠಿ ಶಾಳ್ಯಾಗ ಒಂದ ಜಾಗಾ ಐತಂತ."

"ಮುರಗೂಡದಾಗ ನಮ್ಮವರು ಯಾರದಾರ?"

"ಯಾರಿಲ್ಲ."

ಅಪ್ಪ ಚೀಲದ ತಳದಲ್ಲಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡರು. ನಿಪ್ಪಾಣಿಯವರ ಮಾತು ಈಗ ಬರುತ್ತದೆ ಎಂದು ನಾನು ಕಾದೆ. ಅಪ್ಪ ಬೇರೇನೋ ಹೇಳಿದರು.

"ಆ ಹುಡುಗ ನೂಲಿಗೆ ಬೈಯೂದು ಹೇಳಾಕ ಹೊಂಟಿತ್ತಲ್ಲ, ನೀ ಬ್ಯಾಡ ಅಂದಿ, ಚಲೋ ಆತು. ಅವರಪ್ಪ ಅದನ್ನ ನಮ್ಮ ಶೆಡ್ನ್ಯಾಗ ಕಲ್ತಾನ. ನನ್ನ ಕಡಿಂದನ."

ಅಕ್ಕ ತಡೆಯಲಾರದೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಎಲ್ಲಾ ಕೇಳಿಸ್ತೇನು?"

"ಕಿಟಕ್ಯಾಗ ನಿಂತಿದ್ನಲ್ಲ. ಮೊದಲ ಕನ್ನಡದಾಗ ಒಂದ ಮಾತೂ ಆಡಲಿಲ್ಲ ಮಕ್ಳು. ಆಮ್ಯಾಲೆ ಬಾಯಿ ಮುಚ್ಚಲಿಲ್ಲ." ಅಪ್ಪ ಕೈ ಝಾಡಿಸಿಕೊಂಡು ಎದ್ದರು. "ಸ್ವಾಮಾರ ಶೆಡ್ಡಿಗೆ ಸೂಟಿ ಐತಿ. ಮುರಗೂಡಕ್ಕ ಹೋಗಿ ಒಂದ ಖೋಲಿ ನೋಡಿ ಬರೂಣು. ಶಾಳಿಗೆ ಸಮೀಪ ಇರಬೇಕು, ನೋಡ."

ಅಷ್ಟೇ. ಬಸ್ಸು ಬಂತು.

ಅಕ್ಕ ಮುರಗೂಡಕ್ಕೆ ಹೋದಳು. ಅಲ್ಲೂ, ಆಮೇಲೆ ಆಜರಾದ ಕಡೆಯ ಒಂದು ಊರಲ್ಲೂ ನಿವೃತ್ತಿಯಾಗುವವರೆಗೆ ಮರಾಠಿಯಲ್ಲೇ ಕಲಿಸಿದಳು. ಕನ್ನಡದ ಪಾಠವನ್ನು ಇನ್ನೊಮ್ಮೆ ಕೊಡಲು ಅವಳು ಹೋಗಲೇ ಇಲ್ಲ. ತಾನೇ ಒಪ್ಪಿದಾಗ ಮದುವೆಯಾದಳು, ನಿಪ್ಪಾಣಿಯವರನ್ನಲ್ಲ.

ಮಕ್ಕಳೇ, ನಿಮ್ಮ ಶಾಲೆ ಬೇರೆ. ನಿಮಗೆ ತಟ್ಟಿಲ್ಲ, ಬೆಂಚು ಇದೆ. ಗೋಡೆಯ ಮೇಲೆ ಚಿತ್ರ ಓಡಾಡುತ್ತದೆ. ಕಲಿಸುವುದೆಲ್ಲ ಇಂಗ್ಲಿಷಿನಲ್ಲಿ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಗೊಂಬೆಗಳನ್ನು ಸಾಲಾಗಿ ಕೂರಿಸಿ ಶಾಲೆಯ ಆಟ ಆಡುತ್ತಿದ್ದಳು. ಪಾಠವನ್ನು ಇಂಗ್ಲಿಷಿನಲ್ಲಿ ಮಾಡಿದಳು. ಬಿಡುವಿನ ಗಂಟೆ ಬಾರಿಸಿ ಅವಕ್ಕೆ ಊಟ ಮಾಡಿಸುವಾಗ ಕನ್ನಡಕ್ಕೆ ಬಂದಳು. ಎರಡು ಗೊಂಬೆಗಳು ಜಗಳವಾಡಿದ್ದು ಮರಾಠಿಯಲ್ಲಿ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನಮ್ಮ ಕಾಲಕ್ಕಿಂತ ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತೀರ್ಮಾನಿಸಲಾಗಿಲ್ಲ. ನಮಗೆ ಎರಡು ಭಾಷೆಗಳಿದ್ದವು, ನಿಮಗೆ ಮೂರು. ಯಾವುದನ್ನು ಎಲ್ಲಿ ಆಡಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ, ನಿಮಗೂ ಯಾರೂ ಹೇಳಿದಂತಿಲ್ಲ. ಆದರೂ ಎಲ್ಲರಿಗೂ ಗೊತ್ತಿದೆ.

ಅಕ್ಕ ಈಗ ಗಡಹಿಂಗ್ಲಜದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಳೆದ ದೀಪಾವಳಿಗೆ ಹೋದಾಗ ಇಬ್ಬರೂ ಕುಳಿತು ಅವರೆಕಾಳು ಬಿಡಿಸುತ್ತಿದ್ದೆವು. ಇಷ್ಟು ವರ್ಷ ಕೇಳದೇ ಉಳಿದ ಒಂದು ಪ್ರಶ್ನೆಯನ್ನು ಅವಳಿಗೆ ಕೇಳಿದೆ. ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು, ಇನ್ನೊಂದನ್ನು ಎತ್ತಿಕೊಂಡಳು. ಆಮೇಲೆ ಎರಡು ಸಲ ಫೋನಿನಲ್ಲೂ ಕೇಳಿದ್ದೇನೆ. "ತಡಿ, ನೆನಸ್ಕೋತೀನಿ" ಎನ್ನುತ್ತಾಳೆ. ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಮುರಗೂಡದಾಗ ನಿನ್ನ ವರ್ಗಕ್ಕ ಮನ್ಯಾಗ ಕನ್ನಡಾ ಆಡೂ ಕೂಸು ಒಂದು ಬಂದು ಮಾತಾಡದ ಕುಂತ್ರ, ನೀ ಅದರ ಮುಂದ ನೆಲದ ಮ್ಯಾಲೆ ಕುಂಡ್ರತಿದ್ದೇನು, ಇಲ್ಲಾ ಪಾಠಾ ಮುಗಸ್ತಿದ್ದೇನು?"