ಅಜ್ಜಂಪುರದಲ್ಲಿ ಹೇಳದೆ ಬಿಟ್ಟ ವಾಕ್ಯ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಡೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಆಗ ವಿಶ್ವವಿದ್ಯಾನಿಲಯದವರು ತಾಲ್ಲೂಕಿನ ಊರುಗಳಿಗೆ ಪ್ರಾಧ್ಯಾಪಕರನ್ನು ಕಳಿಸಿ ಸಾರ್ವಜನಿಕ ಉಪನ್ಯಾಸ ಮಾಡಿಸುವ ಪದ್ಧತಿ ಇತ್ತು. ಪ್ರಚಾರೋಪನ್ಯಾಸ ಎಂದು ಕರೆಯುತ್ತಿದ್ದರು. ಆ ವರ್ಷ ನಮ್ಮ ಕಡೆಗೆ ಕೊಟ್ಟ ವಿಷಯ ರಾಷ್ಟ್ರನೀತಿ ಮತ್ತು ಚುನಾವಣೆ. ತುರ್ತುಪರಿಸ್ಥಿತಿ ಮುಗಿದು ಬಹಳ ದಿನವಾಗಿರಲಿಲ್ಲ. ಬ್ಯಾಂಕಿನ ಗುಮಾಸ್ತರಿಂದ ಹಿಡಿದು ಕ್ಷೌರದಂಗಡಿಯವರವರೆಗೆ ಎಲ್ಲರೂ ಪ್ರಜಾಪ್ರಭುತ್ವ ಎಂಬ ಮಾತನ್ನು ಆಡುತ್ತಿದ್ದರು. ನಾನು ಮೂವತ್ತರ ಒಳಗಿನವನು, ಎಲ್ಲರಿಗಿಂತ ಜೋರಾಗಿ ಆಡುತ್ತಿದ್ದೆ.

ಕಡೂರು, ತರೀಕೆರೆ, ಅಜ್ಜಂಪುರ, ಮೂರು ಊರುಗಳಲ್ಲಿ ಮೂರು ಸಂಜೆ. ಕರಪತ್ರ ಹಂಚುವುದು, ಧ್ವನಿವರ್ಧಕ ತರಿಸುವುದು, ಜನ ಸೇರಿಸುವುದು ನನ್ನ ಕೆಲಸ. ಮಾತನಾಡಲು ಬಂದವರು ಹೆಸರಾದ ಪ್ರೊಫೆಸರು. ಕಡೂರಿನಲ್ಲಿ ಹಾಜರಿ ಕೊಡುತ್ತೇವೆಂದು ಹುಡುಗರನ್ನು ಕೂರಿಸಿದ್ದೆವು, ಹಾಗಾಗಿ ಸಭೆ ತುಂಬಿತ್ತು. ತರೀಕೆರೆಯಲ್ಲಿ ಸಂತೆಗೆ ಬಂದಿದ್ದ ಲಿಂಗದಹಳ್ಳಿ ಕಡೆಯ ಜನ ಒಳಗೆ ಬಂದು ಕೂತರು. ಪ್ರೊಫೆಸರು ಪಂಚವಾರ್ಷಿಕ ಯೋಜನೆಯ ಉದ್ದೇಶಗಳನ್ನು ವಿವರಿಸುತ್ತಿದ್ದಾಗ ಕೊನೆಯ ಬಸ್ಸಿನ ಹೊತ್ತಾಯಿತೆಂದು ಅಷ್ಟೂ ಜನ ಒಟ್ಟಿಗೆ ಎದ್ದು ಹೋದರು. ಪ್ರೊಫೆಸರಿಗೆ ಅವಮಾನವಾಯಿತು. ಮರುದಿನ ಬೆಳಿಗ್ಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ರೈಲು ಹತ್ತಿದರು. ಹತ್ತುವ ಮುಂಚೆ, ಅಜ್ಜಂಪುರದ್ದು ನೀವೇ ಮುಗಿಸಿಬಿಡಿ, ನಿಮಗೂ ಗೊತ್ತಿರುವ ವಿಷಯವೇ ಅಲ್ಲವೇ ಎಂದರು. ನಾನು ಮುಖದಲ್ಲಿ ಕಳವಳ ತೋರಿಸಿದೆ. ಒಳಗೆ ಹಿಗ್ಗಿದ್ದೆ.

ಅಜ್ಜಂಪುರದಲ್ಲಿ ಸಭೆ ಒಂದು ಶಾಲೆಯ ಹಜಾರದಲ್ಲಿ ನಡೆಯಿತು. ಅರವತ್ತು ಎಪ್ಪತ್ತು ಜನ ಇದ್ದಿರಬಹುದು. ರಾಷ್ಟ್ರನೀತಿಯನ್ನು ಹತ್ತು ನಿಮಿಷಕ್ಕೆ ಮುಗಿಸಿ ನೇರ ಓಟಿನ ವಿಷಯಕ್ಕೆ ಬಂದೆ. ಅದಕ್ಕೂ ಹಿಂದೆ ಒಮ್ಮೆ ಚುನಾವಣೆ ಕೆಲಸಕ್ಕೆ ಹೋಗಿದ್ದೆ. ಶಾಯಿ ಎಲ್ಲಿ ಹಚ್ಚುತ್ತಾರೆ, ಪೆಟ್ಟಿಗೆಗೆ ಮೊಹರು ಹೇಗೆ ಹಾಕುತ್ತಾರೆ ಎಲ್ಲ ಕೈಯಾಡಿಸಿ ತೋರಿಸಿದೆ. ಜನ ಮೈಯೆಲ್ಲ ಕಿವಿಯಾಗಿ ಕೇಳಿದರು. ಬಸ್ಸಿಗೆ ಯಾರೂ ಏಳಲಿಲ್ಲ.

ಕೊನೆಗೆ ಪ್ರಶ್ನೆ ಕೇಳಬಹುದು ಎಂದಾಗ, ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಕೈ ಎತ್ತಿದರು. ಆ ಸಭೆಗೆ ಬಂದಿದ್ದ ಹೆಂಗಸರೆಂದರೆ ಅವರೊಬ್ಬರೇ. ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಕೆಲಸ, ಕೆಲಸದ ಬಿಳಿ ಸೀರೆಯಲ್ಲೇ ಬಂದಿದ್ದರು. ಚೌಳಹಿರಿಯೂರು ಕಡೆಯ ಒಂದು ಹಳ್ಳಿಯವರು, ಊರಾಚೆಯ ಕೇರಿಯವರು, ಅವರ ಮನೆಯವರು ಬೌದ್ಧರಾಗಿದ್ದಾರೆ ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ನಾವು ಹೋಗೋ ಹೊತ್ತಿಗೆ ನಮ್ಮ ಹೆಸರಲ್ಲಿ ಬೇರೆಯವರು ಓಟು ಹಾಕಿಬಿಟ್ಟಿದ್ದರೆ ಏನು ಮಾಡಬೇಕು ಎಂದು ಕೇಳಿದರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ನನಗೆ ಇಂಥ ಪ್ರಶ್ನೆಯೇ ಬೇಕಾಗಿತ್ತು. ಗತ್ತಿನಿಂದ ಉತ್ತರ ಕೊಟ್ಟೆ. "ನೀವು ಹೆದರಿ ವಾಪಸ್ಸು ಬರಬೇಡಿ. ಟೆಂಡರ್ ಮತಪತ್ರ ಕೊಡಿ ಅಂತ ಕೇಳಿ. ಕೊಡಲೇಬೇಕು. ಅದು ನಿಮ್ಮ ಹಕ್ಕು. ನೀವು ಗುರುತು ಹಾಕಿದ ಮೇಲೆ ಅದನ್ನು ಬೇರೆ ಲಕೋಟೆಯಲ್ಲಿಟ್ಟು ಮೊಹರು ಮಾಡುತ್ತಾರೆ." ಆ ಮಾತಿಗೆ ಚಪ್ಪಾಳೆ ಬಿತ್ತು. ಅದರ ಮುಂದಿನ ವಾಕ್ಯ ನನಗೆ ಗೊತ್ತಿತ್ತು. ಎಣಿಕೆಯ ದಿನ ಆ ಲಕೋಟೆಯನ್ನು ಒಡೆಯುವುದಿಲ್ಲ. ಯಾರಾದರೂ ನ್ಯಾಯಾಲಯಕ್ಕೆ ಹೋಗಿ, ನ್ಯಾಯಾಲಯ ಅಪ್ಪಣೆ ಕೊಟ್ಟರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಾಳೆ ನಿಲ್ಲಲಿ ಎಂದು ಕಾದೆ. ನಿಂತಮೇಲೆ ವಂದನಾರ್ಪಣೆಯವರು ಎದ್ದರು, ನಾನು ಕೂತುಬಿಟ್ಟೆ. ಆಕೆ ಹೊರಡುವ ಮುಂಚೆ ವೇದಿಕೆಯ ಹತ್ತಿರ ಬಂದು ಟೆಂಡರ್ ಮತಪತ್ರ ಎಂಬ ಪದವನ್ನು ಇನ್ನೊಂದು ಸಲ ಹೇಳಿಸಿಕೊಂಡು ಹೋದರು.

ಮೂರು ನಾಲ್ಕು ವರ್ಷ ಕಳೆದು ಮತ್ತೆ ಚುನಾವಣೆ ಬಂತು. ಈ ಸಲ ನನ್ನನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿ ಮಾಡಿದ್ದರು. ಸಿಕ್ಕ ಊರು ಆಕೆಯ ಹಳ್ಳಿ. ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಬೇರೆ ಜನ. ಪಟೇಲಿಕೆ ಹೋಗಿ ಎಷ್ಟೋ ಕಾಲವಾಗಿದ್ದರೂ ಊರವರೆಲ್ಲ ಪಟೇಲರು ಎನ್ನುತ್ತಿದ್ದ ಯಜಮಾನರೊಬ್ಬರು ಅಲ್ಲಿದ್ದರು. ಅವರ ಕೊಬ್ಬರಿ ಕಡೂರಿನ ನಮ್ಮಪ್ಪನ ಮಂಡಿಗೆ ಬರುತ್ತಿತ್ತು. ಇಬ್ಬರೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ನಾನು ಲಾರಿಯಿಂದ ಇಳಿಯುತ್ತಲೇ ಗುರುತು ಹಿಡಿದು, ನಮ್ಮ ಹುಡುಗನೇ ಬಂದಿದ್ದಾನೆ ಎಂದು ಸುತ್ತಲಿನವರಿಗೆ ಹೇಳಿದರು.

ಬೆಳಿಗ್ಗೆ ಎಂಟಕ್ಕೆ ಮತದಾನ ಶುರುವಾಯಿತು. ಎರಡು ಪಕ್ಷದ ಏಜೆಂಟರು ಎದುರುಬದುರು ಕೂತಿದ್ದರು. ಒಬ್ಬರು ಪಟೇಲರ ಮಗ, ಇನ್ನೊಬ್ಬರು ಅಳಿಯ. ಯಾವ ಪಕ್ಷ ಗೆದ್ದರೂ ಆ ಮನೆಗೆ ನಷ್ಟವಿರಲಿಲ್ಲ. ಮೊದಲ ಒಂದೂವರೆ ಗಂಟೆ ಹೆಂಗಸರ ಸಾಲು ಉದ್ದವಾಗಿತ್ತು. ಎಲ್ಲರೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದರು. ಗುಮಾಸ್ತ ಹೆಸರು ಕೂಗುತ್ತಿದ್ದ, ಏಜೆಂಟರು ತಲೆಯಾಡಿಸುತ್ತಿದ್ದರು, ಪಟ್ಟಿಯಲ್ಲಿ ಗೆರೆ ಬೀಳುತ್ತಿತ್ತು. ಎಡಗೈಯಲ್ಲಿ ಹಸಿರು ಗಾಜಿನ ಬಳೆ ತೊಟ್ಟು, ಕಿರುಬೆರಳು ಸೊಟ್ಟಗಿದ್ದ ಒಂದು ಕೈ ನನ್ನ ಮೇಜಿನ ಮುಂದೆ ಎರಡನೇ ಸಲ ಬಂತು. ಬೆರಳಿನ ಶಾಯಿಯನ್ನು ಏನೋ ಹಚ್ಚಿ ಉಜ್ಜಿದ್ದು ಕಾಣುತ್ತಿತ್ತು. ನಾನು ನೋಡಿದೆ. ತಲೆಯೆತ್ತಿ ಮುಖ ನೋಡಬೇಕಿತ್ತು, ನೋಡಲಿಲ್ಲ. ಏಜೆಂಟರು ತಕರಾರು ಮಾಡದಿದ್ದ ಮೇಲೆ ನಾನೇಕೆ ಎಂದು ಮನಸ್ಸಿನಲ್ಲೇ ನಿಯಮ ಹುಡುಕಿಕೊಂಡೆ. ಮಧ್ಯಾಹ್ನದ ಊಟ ಪಟೇಲರ ಮನೆಯಿಂದ ಬಂತು. ಎರಡು ಪಕ್ಷದವರೂ ನಾನೂ ಒಂದೇ ಕ್ಯಾರಿಯರಿನಿಂದ ಉಂಡೆವು.

ಎರಡು ಗಂಟೆಯ ಮೇಲೆ ಆಕೆ ಬಂದರು. ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ಅಜ್ಜಂಪುರದಿಂದ ಬಂದಿದ್ದರು. ಹಿಂದೆ ಅವರ ಕೇರಿಯ ಹನ್ನೊಂದು ಹೆಂಗಸರು. ಹೊಲದ ಕೆಲಸ ಬಿಟ್ಟು ಬಂದವರು, ಕಾಲಲ್ಲಿ ಇನ್ನೂ ಕೆಸರಿತ್ತು. ಗುಮಾಸ್ತ ಪಟ್ಟಿ ನೋಡಿ, ಹನ್ನೆರಡು ಹೆಸರಿಗೂ ಗೆರೆ ಬಿದ್ದಿದೆ, ಇವರ ಓಟು ಆಗಿಹೋಗಿದೆ ಎಂದ. ಪಟೇಲರ ಮಗ ಕಿಟಕಿಯ ಕಡೆ ನೋಡುತ್ತಾ ಕೂತ.

ಆಕೆ ನನ್ನನ್ನು ನೋಡಿದರು. ಗುರುತು ಸಿಕ್ಕಿತು. ಆ ಮುಖದಲ್ಲಿ ಒಂದು ಕ್ಷಣ ಸಮಾಧಾನ ಕಂಡದ್ದು ನನಗೆ ಇಂದಿಗೂ ಕಷ್ಟ ಕೊಡುತ್ತದೆ. ಇವರಿದ್ದಾರಲ್ಲ, ಸದ್ಯ, ಅಂದುಕೊಂಡಿರಬೇಕು.

"ಸಾರ್, ನಮಗೆ ಟೆಂಡರ್ ಮತಪತ್ರ ಕೊಡಿ. ಹನ್ನೆರಡು," ಎಂದರು.

ಪಟೇಲರ ಅಳಿಯ ನನ್ನ ಕಡೆಗೆ ಬಾಗಿ, ಇದೇನು ಹೊಸದು ಎಂದು ಮೆಲ್ಲಗೆ ಕೇಳಿದ. ನಿಯಮ ಇದೆ ಎಂದೆ. ಅಷ್ಟು ಮಾತ್ರ ಧೈರ್ಯ ಮಾಡಿದೆ, ಅದನ್ನು ಹೇಳಿಕೊಳ್ಳಬೇಕು. ಒಬ್ಬೊಬ್ಬರಿಗೂ ಕೊಟ್ಟೆ, ಹಿಂಬದಿಯಲ್ಲಿ ಬರೆಯಬೇಕಾದ್ದನ್ನು ಬರೆದೆ, ಬೇರೆ ಪಟ್ಟಿಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಆಕೆ ರುಜು ಹಾಕಿದರು. ಗುರುತು ಹಾಕಿ ತಂದ ಪತ್ರವನ್ನು ಪೆಟ್ಟಿಗೆಯ ಕಡೆ ಒಯ್ಯುತ್ತಿದ್ದಾಗ ತಡೆದೆ.

"ಅದಕ್ಕಲ್ಲ. ಇಲ್ಲಿ ಕೊಡು."

ಅಜ್ಜಂಪುರದ ಸಭೆಯಲ್ಲಿ ನಾನು ಅವರಿಗೆ ನೀವು ಎಂದಿದ್ದೆ. ಇಲ್ಲಿ, ಆ ಮನೆಯವರ ಎದುರಿಗೆ, ಏಕವಚನ ತಾನಾಗಿ ಬಂತು. ಆಕೆ ಅದನ್ನು ಗಮನಿಸಿದರೋ ಇಲ್ಲವೋ, ಪೆಟ್ಟಿಗೆಯನ್ನೂ ನನ್ನ ಕೈಯ ಲಕೋಟೆಯನ್ನೂ ಎರಡೆರಡು ಸಲ ನೋಡಿದರು. ಇದೂ ಎಣಿಕೆಗೆ ಹೋಗುತ್ತದೆ ತಾನೇ ಎಂದು ಕೇಳಿದರು. ಮೊಹರು ಮಾಡಿ ಕಳಿಸುತ್ತೇವೆ ಎಂದೆ. ಆ ಉತ್ತರದಲ್ಲಿ ಸುಳ್ಳು ಇರಲಿಲ್ಲ. ಸಂಜೆ ಮತಗಟ್ಟೆಯ ದಿನಚರಿ ತುಂಬುವಾಗ, ಬೇರೆಯವರ ಹೆಸರಿನಲ್ಲಿ ಮತ ಹಾಕಿದ ಪ್ರಕರಣಗಳು ಎಂಬ ಅಂಕಣದಲ್ಲಿ ‘ಇಲ್ಲ’ ಎಂದು ಬರೆದೆ. ಅದರ ಕೆಳಗೆ, ಮತದಾನ ಶಾಂತಿಯುತವಾಗಿ ನಡೆಯಿತು. ಎರಡಕ್ಕೂ ನನ್ನ ರುಜು ಇದೆ.

ಫಲಿತಾಂಶ ಬಂದು ಒಂದು ವಾರಕ್ಕೆ ಆಕೆ ಕಡೂರಿಗೆ ಬಂದು, ವಿಚಾರಿಸಿಕೊಂಡು ಕಾಲೇಜಿನ ಹತ್ತಿರ ಬಂದರು. ಪಾಠ ಮುಗಿಸಿ ಹೊರಗೆ ಬಂದೆ. ಬೇವಿನ ಮರದ ಕೆಳಗೆ ನಿಂತು ಮಾತಾಡಿದೆವು. ಎಣಿಕೆಗೆ ಹೋಗಿದ್ದ ಆಸ್ಪತ್ರೆಯ ಗುಮಾಸ್ತರೊಬ್ಬರು ಆ ಲಕೋಟೆ ಒಡೆಯುವುದೇ ಇಲ್ಲ ಎಂದು ಹೇಳಿದ್ದರಂತೆ. ನಿಜವೋ ಎಂದು ಕೇಳಿದರು. ನಿಜ ಎಂದೆ. ನ್ಯಾಯಾಲಯದ ವಿಷಯ ಹೇಳತೊಡಗಿದೆ.

"ನಿಮಗೆ ಅವತ್ತೇ ಗೊತ್ತಿತ್ತಾ ಸಾರ್, ಅಜ್ಜಂಪುರದಲ್ಲಿ?"

ಗೊತ್ತಿತ್ತು ಎಂದೆ.

"ಮತ್ತೆ ಯಾಕ್ ಹೇಳ್ಲಿಲ್ಲ? ಎಣಿಸಲ್ಲ ಅಂತ ಗೊತ್ತಿದ್ರೆ ನಾನು ಅವರನ್ನೆಲ್ಲ ಕರ್ಕೊಂಡು ಬತ್ತಾನೇ ಇರ್ಲಿಲ್ಲ. ಪಟೇಲರ ಮನೆಯವರ ಮುಂದೆ ನಿಂತು ಬಾಯ್ಬಿಟ್ಟು ಕೇಳಿದ್ದಾಯ್ತು. ಈಗ ಅವರು ಸುಮ್ನೆ ಬಿಡ್ತಾರಾ?"

ಸಭೆಯಲ್ಲಿ ಸಮಯ ಸಾಲಲಿಲ್ಲ ಎಂದು ಏನೋ ಹೇಳಿದೆ. ಆಕೆ ಅದನ್ನು ಪೂರ್ತಿ ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಸುಮ್ಮನೆ ಬಿಡಲಿಲ್ಲ. ಆಕೆಯ ತಮ್ಮ ಎಮ್ಮೆದೊಡ್ಡಿ ಕಾವಲಿನ ಕಡೆ ಪಟೇಲರ ದನಗಳನ್ನು ಮೇಯಿಸುತ್ತಿದ್ದ, ಅವನನ್ನು ಕೆಲಸದಿಂದ ಬಿಡಿಸಿದರು. ಆ ಕೇರಿಯವರನ್ನು ಒಂದು ಸುಗ್ಗಿ ಪೂರ್ತಿ ಕೆಲಸಕ್ಕೆ ಕರೆಯಲಿಲ್ಲ. ಮರುವರ್ಷ ಮತದಾರರ ಪಟ್ಟಿ ಪರಿಷ್ಕರಣೆಯಾದಾಗ ಹನ್ನೆರಡೂ ಹೆಸರು ಬಿಟ್ಟುಹೋಗಿದ್ದವು. ಕಾರಣ, ಸ್ಥಳಾಂತರ. ಆಕೆಯ ಹೆಸರಿಗಾದರೂ ಅಜ್ಜಂಪುರದಲ್ಲಿ ವಾಸವೆಂಬ ನೆಪವಿತ್ತು. ಉಳಿದ ಹನ್ನೊಂದು ಜನ ಆ ಕೇರಿ ಬಿಟ್ಟು ಎಲ್ಲಿಗೂ ಹೋದವರಲ್ಲ. ಇದನ್ನೆಲ್ಲ ನನಗೆ ಹೇಳಿದವರು ಪಟೇಲರೇ, ನಮ್ಮಪ್ಪನ ಮಂಡಿಯಲ್ಲಿ ಕೂತು, ಕಾಫಿ ಕುಡಿಯುತ್ತಾ. ನಾನು ಎದುರಿಗೆ ಕೂತು ಕೇಳಿದೆ. ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ವಿಶ್ವವಿದ್ಯಾನಿಲಯದಿಂದ ಕಾಗದ ಬಂತು. ಅಜ್ಜಂಪುರದ ಉಪನ್ಯಾಸ ಜನಪ್ರಿಯವಾಯಿತೆಂದು ಕೇಳಿದ್ದೇವೆ, ಬರೆದು ಕೊಟ್ಟರೆ ಕಿರುಹೊತ್ತಗೆಯಾಗಿ ಅಚ್ಚು ಹಾಕಿಸುತ್ತೇವೆ ಎಂದಿತ್ತು. ಬರೆದೆ. ಬಿಟ್ಟ ವಾಕ್ಯವನ್ನು ಸೇರಿಸಿದೆ. ಅದರ ಜೊತೆಗೆ ಹನ್ನೆರಡು ಹೆಂಗಸರ ವಿಷಯವನ್ನು ಊರ ಹೆಸರಿಲ್ಲದೆ ಎರಡು ಪುಟ ಬರೆದೆ. ಹಸ್ತಪ್ರತಿ ತಿದ್ದುವ ಜವಾಬ್ದಾರಿ ಹೊಟ್ಟೆಯ ನೆಪ ಹೇಳಿ ಹೋಗಿದ್ದ ಅದೇ ಪ್ರೊಫೆಸರದ್ದಾಗಿತ್ತು. ಅವರು ಎರಡೂ ಪುಟಗಳಿಗೆ ಅಡ್ಡಗೆರೆ ಎಳೆದು, ಸಾಮಾನ್ಯ ಓದುಗನಿಗೆ ಚುನಾವಣೆಯಲ್ಲಿ ನಂಬಿಕೆ ಹೋಗುತ್ತದೆ, ಇದು ಬೇಡ ಎಂದು ಅಂಚಿನಲ್ಲಿ ಬರೆದಿದ್ದರು. ಜೊತೆಗೆ ಬಂದ ಕಾಗದದಲ್ಲಿ, ವಿಶ್ವವಿದ್ಯಾನಿಲಯದಲ್ಲಿ ರೀಡರ್ ಹುದ್ದೆಗೆ ಅರ್ಜಿ ಕರೆದಿದ್ದಾರೆ, ಪ್ರಕಟಣೆಗಳಿದ್ದರೆ ಅನುಕೂಲ ಎಂದೂ ತಿಳಿಸಿದ್ದರು. ನಾನು ತಿದ್ದಿದ ಪ್ರತಿಗೆ ಒಪ್ಪಿಗೆ ಕಳಿಸಿದೆ. ಹುದ್ದೆ ಸಿಕ್ಕಿತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ವಿಶ್ವವಿದ್ಯಾನಿಲಯ ಕಳಿಸುವ ಉಪನ್ಯಾಸಕ ನಾನೇ ಆಗಿದ್ದೆ. ರೈಲಿನಲ್ಲಿ ಬಂದು ಇಳಿಯುವುದು, ಯಾರೋ ಎಳೆಯ ಮೇಷ್ಟರು ಹಾರ ಹಿಡಿದು ಕಾಯುವುದು. ಹಾಗೆ ಒಮ್ಮೆ ಅಜ್ಜಂಪುರಕ್ಕೆ ಹೋದೆ. ಸಭೆಗೆ ಸಮಯವಿತ್ತು. ಮೇಷ್ಟರನ್ನು ಕಳಿಸಿ ಒಬ್ಬನೇ ಆಸ್ಪತ್ರೆಗೆ ನಡೆದೆ.

ಆಕೆ ಹಿಂದಿನ ಜಗುಲಿಯಲ್ಲಿ ಒಗೆದ ಹಾಸುಗಳನ್ನು ಮಡಚುತ್ತಿದ್ದರು. ಕೂದಲು ನೆರೆತಿತ್ತು. ಬನ್ನಿ ಎಂದರು, ಕೂತುಕೊಳ್ಳಿ ಎನ್ನಲಿಲ್ಲ. ಇವತ್ತು ಸಭೆಯಲ್ಲಿ ಅವತ್ತು ಬಿಟ್ಟದ್ದನ್ನು ಹೇಳುತ್ತೇನೆ, ನೀವು ಬರಬೇಕು ಎಂದೆ. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತು ಎಂದು ನನಗೆ ಗೊತ್ತಾಯಿತು. ಆಕೆ ಮಡಚುವುದನ್ನು ನಿಲ್ಲಿಸಲಿಲ್ಲ. ಹನ್ನೊಂದು ಜನರ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಲು ತಾವು ಕಡೂರಿನ ಕಚೇರಿಗೆ ನಾಲ್ಕು ಸಲ ಅಲೆದದ್ದನ್ನು, ತಮ್ಮ ಹೆಸರನ್ನು ಅಜ್ಜಂಪುರದಲ್ಲೇ ಬರೆಸಿಕೊಂಡದ್ದನ್ನು ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು. ಆ ಹನ್ನೊಂದರಲ್ಲಿ ಇಬ್ಬರು ತೀರಿಕೊಂಡಿದ್ದರು. ಈಗ ಓಟು ಹೇಗೆ ನಡೆಯುತ್ತದೆ ಎಂದು ಕೇಳಿದೆ.

"ಈಗ ನಮ್ಮವರು ಬೆಳಿಗ್ಗೆ ಆರಕ್ಕೇ ಹೋಗಿ ಬಾಗ್ಲ ಮುಂದೆ ಕೂತ್ಕಂತಾರೆ. ಯಾರೂ ಹಾಕೋಕ್ ಮುಂಚೆ ಹಾಕ್ಬಿಟ್ಟು ಬತ್ತಾರೆ. ಅಷ್ಟೇ ಸಾರ್ ಅದಕ್ಕಿದ್ದಿದ್ದ ದಾರಿ. ಅದನ್ನ ನಾವೇ ಯೋಚ್ನೆ ಮಾಡ್ಕಂಡ್ವಿ."

ಒಳಗಿನಿಂದ ಯಾರೋ ಅವರನ್ನು ಕರೆದರು. ಹಾಸುಗಳ ರಾಶಿಯನ್ನು ಎದೆಗವಚಿಕೊಂಡು ಹೋದರು, ತಿರುಗಿ ಬರಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತಿದ್ದು ಸಭೆಗೆ ಹೋದೆ. ಹುಡುಗರನ್ನು ಹಾಜರಿಗೆ ಕೂರಿಸಿದ್ದರು. ಒಂದು ಗಂಟೆ ಮಾತಾಡಿದೆ, ಹೇಳಬೇಕಾದ್ದನ್ನೆಲ್ಲ ಹೇಳಿದೆ, ಯಾರೂ ಪ್ರಶ್ನೆ ಕೇಳಲಿಲ್ಲ. ಬಹಳ ಚೆನ್ನಾಗಿತ್ತು ಸಾರ್ ಎಂದು ಮೇಷ್ಟರು ಸ್ಟೇಷನ್ನಿನವರೆಗೂ ಹೇಳುತ್ತಲೇ ಬಂದರು.