ಅವ್ವ ತಿನ್ನಿಸಿದ ಮೊಸರು ಸಕ್ಕರೆ

ಹೋದ ವರ್ಷ ಕಡಲೆಕಾಯಿ ಕೀಳುವ ಕಾಲ. ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಜೀಪು ಓಡಿಸುವ ನನಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಆಗಲೇ ಎಂಟು ವರ್ಷದ ಮಗಳು ಭವ್ಯಳಿಗೆ ವಿಪರೀತ ಹೊಟ್ಟೆನೋವು ಬಂತು, ಕಣ್ಣು ಅರಿಸಿನದಂತಾಯಿತು. ಸ್ಕ್ಯಾನ್ ಮಾಡಿ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದರು. ಇಷ್ಟು ಚಿಕ್ಕ ಮಗುವಿಗೆ ಕಲ್ಲಾ! ನನಗೆ ನಂಬಿಕೆಯೇ ಬರಲಿಲ್ಲ.

ಹಿಂದೂಪುರದ ಆಸ್ಪತ್ರೆಯೊಂದಕ್ಕೆ ಬೆಂಗಳೂರಿನಿಂದ ಬರುವ ಡಾಕ್ಟರು ಎಂಡೋಸ್ಕೋಪಿಯಲ್ಲಿ ತೆಗೆಯಲು ಒಪ್ಪಿದರು. ಹೊಟ್ಟೆ ಕೊಯ್ಯಬೇಕಿಲ್ಲ, ಬಾಯಿಂದ ಸಣ್ಣ ಕೊಳವೆ ಇಳಿಸುತ್ತಾರೆ. "ಮಕ್ಕಳಿಗೂ ಮಾಡ್ತೀವಿ. ಕೆಲವರಿಗೆ ಆಮೇಲೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತೆ, ಇಟ್ಟುಕೊಂಡು ನೋಡ್ತೀವಿ. ಆದ್ರೆ ಹೊಟ್ಟೆ ಮಾತ್ರ ಖಾಲಿ ಇರಲೇಬೇಕು" ಎಂದರು.

ನಾನು, ಹೆಂಡತಿ ಮಗಳನ್ನು ಕರೆದುಕೊಂಡು ನಸುಕಿನಲ್ಲೇ ಹೊರಟೆವು. ದಾರಿಯಲ್ಲಿ ಮಗು ನೀರು ಕೇಳಿದರೂ ಕೊಡಲಿಲ್ಲ. ನರ್ಸ್ ವಿಚಾರಿಸಿದಾಗ "ಏನೂ ಕೊಟ್ಟಿಲ್ಲಮ್ಮ" ಎಂದು ಎದೆ ತಟ್ಟಿ ಹೇಳಿದೆ. ಮಗಳನ್ನು ಒಳಗೆ ಕರೆದೊಯ್ದರು.

ಅಷ್ಟರಲ್ಲಿ ಊರಿನಿಂದ ಅವ್ವನ ಫೋನು.

"ಭಯ ಬೀಳ್ಬ್ಯಾಡ ಕಣ್ಲಾ. ನೀವಿಬ್ರೂ ಜೀಪಿಗೆ ಸಾಮಾನು ಹಾಕ್ತಿದ್ದಾಗ ಮಗೀನ ಬಾಗಿಲಲ್ಲಿ ನಿಲ್ಸಿ ಮೊಸರು ಸಕ್ಕರೆ ತಿನ್ಸೇ ಕಳ್ಸಿವ್ನಿ."

"ಅಯ್ಯೋ, ಏನೂ ಕೊಡಬ್ಯಾಡ ಅಂದಿರ್ಲಿಲ್ವೇನವ್ವ?"

"ಅದೇನು ಊಟಾನೇನ್ಲಾ? ಶಕುನ ಕಣೋ!"

"ಆಗಂಡಿ ಸಾರ್, ಆಗಂಡಿ!" ನಿಲ್ಲಿಸಿ ಎಂದು ತೆಲುಗಿನಲ್ಲಿ ಕೂಗುತ್ತಾ ಹೋಗಿ ಬಾಗಿಲು ಬಡಿದೆ. ಬೈಯಲು ಬಂದ ನರ್ಸ್, ಮೊಸರಿನ ಸುದ್ದಿ ಕೇಳಿದ್ದೇ ಒಳಗೆ ಓಡಿದಳು. ಮತ್ತಿನ ಇಂಜೆಕ್ಷನ್ ಕೊಡುವುದರಲ್ಲಿದ್ದರಂತೆ. ಡಾಕ್ಟರು ಹೊರಬಂದು, "ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಿದ್ರೆ ಪ್ರಾಣಕ್ಕೇ ಅಪಾಯ ಇತ್ತು. ಸದ್ಯ, ಹೇಳಿದ್ರಲ್ಲ" ಎಂದರು.

ಸಂಜೆ ಕಲ್ಲು ತೆಗೆದು, ನಾಳದಲ್ಲಿ ಕೆಲವು ವಾರಗಳ ಮಟ್ಟಿಗೆ ಸ್ಟೆಂಟ್ ಎಂಬ ಸಣ್ಣ ನಳಿಕೆ ಇಟ್ಟರು. ಆಮೇಲೂ ಮಗು ನರಳಿದಾಗಲೆಲ್ಲ, ಡಾಕ್ಟರು ಹೇಳಿದ ಊತ ಬಂತೇನೋ ಎಂದು ನರ್ಸನ್ನು ಕರೆಯಲು ಓಡುತ್ತಿದ್ದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಮನೆಗೆ ಬಂದವನೇ ಅವ್ವನ ಮೇಲೆ ಹರಿಹಾಯ್ದೆ.

ಕೆಲವು ವಾರಗಳ ನಂತರ ಸ್ಟೆಂಟ್ ತೆಗೆಸಲು ಮತ್ತೆ ಹೊರಟೆವು. ಅವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಿ, ಮೊಸರು?" ಎಂದಳು ಭವ್ಯ.

"ಬಂದ್ಮ್ಯಾಲೆ ಕಣಮ್ಮ."

ನಾವು ತಿರುಗಿ ಬಂದಾಗ ಅವ್ವ ಅದೇ ಬಾಗಿಲಲ್ಲಿ ಬಟ್ಟಲು ಹಿಡಿದು ಕಾಯುತ್ತಿದ್ದಳು. ಮೊಮ್ಮಗಳು ಉಪವಾಸವಿರುವಾಗ ತನಗೇನು ಊಟ ಎಂದು ಬೆಳಗಿನಿಂದ ಹನಿ ನೀರೂ ಮುಟ್ಟಿರಲಿಲ್ಲ.

ಅವತ್ತು ಅವ್ವ ಆ ಫೋನು ಮಾಡದಿದ್ದಿದ್ದರೆ ಮಗು ನಮಗೆ ಉಳಿಯುತ್ತಿತ್ತೋ ಇಲ್ಲವೋ. ಸ್ಟೆಂಟ್ ತೆಗೆಸಿ ಬಂದ ಆ ಸಂಜೆ, ಮಗು ತಿಂದು ಉಳಿಸಿದ ಮೊಸರನ್ನು ನಾನೇ ಅವ್ವನ ಬಾಯಿಗಿಟ್ಟೆ.